ಆಸ್ಪತ್ರೆಯ ಬಾಗಿಲಲ್ಲಿ ಶರಣಧರ್ಮ

ಶರಣರು ಕಾಯವನ್ನು ಹಳಿದವರಲ್ಲ. ಅದು ಒಂದು ದಿನ ಅಳಿಯತಕ್ಕದ್ದೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಆದರೆ ಲಿಂಗವನ್ನು ಧರಿಸುವುದಕ್ಕೂ, ಕಾಯಕವನ್ನು ನಡೆಸುವುದಕ್ಕೂ, ದಾಸೋಹವನ್ನು ಸಲ್ಲಿಸುವುದಕ್ಕೂ ಈ ಅಂಗವೊಂದೇ ಸಾಧನವೆಂಬುದನ್ನೂ ಅವರು ಬಲ್ಲರು. ಕಾಯವಿಲ್ಲದೆ ಕಾಯಕವೆಲ್ಲಿಯದು? ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನಿಗೂ ಸ್ಥಾನವಿದ್ದುದನ್ನು ಇಲ್ಲಿ ನೆನೆಯಬೇಕು. ತನ್ನ ವೈದ್ಯವೃತ್ತಿಯ ಮಾತುಗಳನ್ನೇ ಶಿವಾನುಭವಕ್ಕೆ ಹೊಂದಿಸಿ ಆತ ವಚನಗಳನ್ನು ರಚಿಸಿದನು. ಅಂಗದ ವ್ಯಾಧಿಯನ್ನು ಬಿಟ್ಟು ಭವದ ವ್ಯಾಧಿಯನ್ನು ಮಾತ್ರ ಕುರಿತು ಉಪದೇಶಿಸುವುದು ಸುಲಭ. ಆದರೆ ಜ್ವರದಿಂದ ನರಳುವವನ ಮುಂದೆ ಅಂತಹ ಉಪದೇಶ ಸಲ್ಲದು.

ಕುತ್ತು ಬಂದಾಗ ಗೃಹಸ್ಥರಲ್ಲಿ ಬಹುಮಂದಿ ಸರ್ಕಾರದ ಆಸ್ಪತ್ರೆಗೇ ಹೋಗತಕ್ಕವರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಿಂದಲೂ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯ 1957ರಿಂದಲೂ, ಕಿದ್ವಾಯಿ ಗಂಥಿ ಸಂಸ್ಥೆ 1973ರಿಂದಲೂ ನಾಡಿನ ಬಡವರಿಗೆ ಪ್ರಾಣದಾನ ಮಾಡುತ್ತ ಬಂದಿವೆ. ಜಿಲ್ಲೆಗೊಂದು ಆಸ್ಪತ್ರೆ, ತಾಲ್ಲೂಕಿಗೊಂದು ಆಸ್ಪತ್ರೆ ಇವೆ. ಇವುಗಳಿಲ್ಲದಿದ್ದರೆ ಎಷ್ಟು ಮನೆಗಳ ಹೊಲ, ಎತ್ತು, ತಾಳಿಯ ಬಂಗಾರ ಒತ್ತೆಯಾಗುತ್ತಿದ್ದುವೋ ಹೇಳಲಾಗದು. ಆದರೂ ಅಲ್ಲಿಂದ ಗುಣವಾಗಿ ಮರಳಿದವರ ಬಾಯಲ್ಲಿಯೂ ಮೊದಲು ಬರುವುದು ಕೃತಜ್ಞತೆಯ ಮಾತಲ್ಲ, ಕಹಿಯ ಮಾತು. ಅದಕ್ಕೆ ಕಾರಣವಿಲ್ಲದಿಲ್ಲ.

ಒಂದೇ ಮಂಚದ ಮೇಲೆ ಇಬ್ಬರು ರೋಗಿಗಳು ಮಲಗಿರುವುದುಂಟು. ಮಂಚ ಸಿಗದವರು ನೆಲದ ಮೇಲೆ ಚಾಪೆ ಹಾಸಿಕೊಂಡಿರುವುದೂ ಉಂಟು. ಶೌಚಗೃಹದ ಬಾಗಿಲಿಗೆ ಅಗುಳಿಯಿರುವುದಿಲ್ಲ, ನಲ್ಲಿಯಲ್ಲಿ ನೀರು ಬೆಳಗ್ಗೆ ಬಂದರೆ ಮಧ್ಯಾಹ್ನಕ್ಕಿಲ್ಲ. ರೋಗಿಯನ್ನು ಮಲಗಿಸಿ ಒಯ್ಯುವ ಗಾಲಿಬಂಡಿಯನ್ನು ತಳ್ಳುವವರು ಮನೆಯವರೇ. ಚೀಟಿ ಬರೆದ ಔಷಧ ಒಳಗೆ ಇಲ್ಲವೆಂದು ಹೊರಗಿನ ಅಂಗಡಿಗೆ ಓಡುವವರೂ ಅವರೇ. ಓಡಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಕಾವಲುಗಾರನು ಪಾಸು ಕೇಳುತ್ತಾನೆ. ಪಾಸು ಒಳಗಿರುವ ಅತ್ತೆಯ ಸೆರಗಿನ ಗಂಟಿನಲ್ಲಿದೆ. ಔಷಧ ಹೊರಗಿರುವ ಸೊಸೆಯ ಕೈಯಲ್ಲಿದೆ. ಭೇಟಿಯ ವೇಳೆ ಸಾಯಂಕಾಲ 4ರಿಂದ 6 ಎಂದು ಹಲಗೆಯ ಮೇಲೆ ಬರೆದಿದೆ. ಅರವತ್ತು ಮೈಲಿಯ ದೂರದಿಂದ ಬಂದ ಬಸ್ಸು ಮುಟ್ಟುವುದು ಆರೂವರೆಗೆ. ಮರಳುವ ಬಸ್ಸು ಏಳಕ್ಕೆ. ಬುತ್ತಿಯಲ್ಲಿ ತಂದ ರೊಟ್ಟಿ, ಶೇಂಗಾ ಚಟ್ನಿ ಗಂಟಿನಲ್ಲಿಯೇ ಉಳಿಯುತ್ತದೆ. ಇಂತಹ ಸಂಜೆಯಲ್ಲಿ ಸಿಟ್ಟು ಬಾರದಿದ್ದವನು ಶಿವಯೋಗಿಯೇ ಇರಬೇಕು.

ಈ ಸಿಟ್ಟನ್ನು ಪಾಪವೆನ್ನಲಾಗದು. ‘ನಿಮ್ಮ ಪ್ರಾರಬ್ಧ, ಅನುಭವಿಸಿರಿ’ ಎಂದು ಹೇಳಿ ಕಳುಹಿಸುವುದು ಶರಣಮಾರ್ಗವೂ ಅಲ್ಲ. ಹಿಂದಣ ಜನ್ಮದ ಕರ್ಮವನ್ನು ಮುಂದೆ ಮಾಡಿ ಇಂದಿನ ಅನ್ಯಾಯವನ್ನು ಮರೆಮಾಚುವುದನ್ನು ಬಸವಾದಿ ಪ್ರಮಥರು ಒಪ್ಪಿದ್ದರೆ ಕಲ್ಯಾಣದಲ್ಲಿ ಅಷ್ಟು ದೊಡ್ಡ ಕ್ರಾಂತಿಗೆ ಅವಕಾಶವೇ ಇರುತ್ತಿರಲಿಲ್ಲ. ಸರ್ಕಾರದ ಆಸ್ಪತ್ರೆ ಯಾರೊಬ್ಬರ ದಾನವೂ ಅಲ್ಲ. ಉಪ್ಪು, ಬೆಂಕಿಪೊಟ್ಟಣ ಕೊಳ್ಳುವವನಿಂದ ಹಿಡಿದು ಗಿರಣಿಯ ಒಡೆಯನವರೆಗೆ ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಸಲ್ಲಿಸಿದ ಹಣದಿಂದ ಅದು ನಡೆಯುತ್ತದೆ. ಆದುದರಿಂದ ಅಲ್ಲಿ ಶುಚಿಯಾದ ಹಾಸಿಗೆಯನ್ನು ಕೇಳುವುದು ಯಾಚನೆಯಾಗದು. ಆದರೆ ಸಿಟ್ಟು ಎಲ್ಲಿಗೆ ಹೋಗಿ ಮುಟ್ಟಬೇಕು, ಯಾವ ಮಾರ್ಗದಿಂದ ಹೋಗಬೇಕು ಎಂಬುದು ವಿಚಾರಿಸತಕ್ಕ ವಿಷಯ.

ಮೊದಲು ಬಾಗಿಲ ಮಾತನ್ನೇ ನೋಡಬಹುದು. ಬಂಧುಗಳನ್ನು ತಡೆಯುವ ನಿಯಮ ಏಕೆ ಹುಟ್ಟಿತು? ‘ಇದೊಂದು ಹೊಸ ಮಡಿ, ಸೂತಕ ಬೇಡವೆಂದ ಶರಣರ ಮಕ್ಕಳಿಗೆ ಇದೇಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಚೆನ್ನಾಗಿದೆ, ಉತ್ತರವೂ ತಿಳಿಯಬೇಕಾದುದೇ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ತೊರೆದರು. ಸೂತಕವೆಂದರೆ ಮನುಷ್ಯನನ್ನೇ ಹೊಲೆಯೆಂದು ಬಗೆಯುವುದು. ಹೆತ್ತ ತಾಯಿಯನ್ನು ಮೂಲೆಗೆ ತಳ್ಳುವುದು. ಆಸ್ಪತ್ರೆಯ ನಿಯಮ ಮನುಷ್ಯನನ್ನು ಕುರಿತದ್ದಲ್ಲ, ಆತನ ಕೈಯನ್ನು ಕುರಿತದ್ದು.

ಈ ಭೇದವನ್ನು ತೋರಿಸಿಕೊಟ್ಟ ಒಂದು ವೃತ್ತಾಂತ ಯೂರೋಪಿನ ವಿಯೆನ್ನಾ ನಗರದಲ್ಲಿ 1847ರಲ್ಲಿ ನಡೆಯಿತು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ವಿಭಾಗಗಳು ಎರಡು. ಒಂದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು, ಇನ್ನೊಂದರಲ್ಲಿ ವೈದ್ಯವಿದ್ಯಾರ್ಥಿಗಳು. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿಯೇ ಬಾಣಂತಿ ಜ್ವರದಿಂದ ಸಾಯುವವರು ಬಹಳ ಹೆಚ್ಚು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ 100 ಬಾಣಂತಿಯರಲ್ಲಿ 18 ಮಂದಿ ಮಡಿದರು. ಸೆಮ್ಮೆಲ್ವೈಸ್ ಎಂಬ ತರುಣ ವೈದ್ಯನು ಕಾರಣವನ್ನು ಹುಡುಕಿದನು. ವಿದ್ಯಾರ್ಥಿಗಳು ಹೆಣಗಳನ್ನು ಕೊಯ್ದು ಪರೀಕ್ಷಿಸಿ, ಅದೇ ಕೈಯಿಂದ ಬಂದು ಹೆರುವ ತಾಯಂದಿರನ್ನು ಮುಟ್ಟುತ್ತಿದ್ದರು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಆತ ಕಟ್ಟುಮಾಡಿದನು. ಜೂನ್ ತಿಂಗಳ ಹೊತ್ತಿಗೆ ಸಾವು 100ಕ್ಕೆ 2ರ ಆಸುಪಾಸಿಗೆ ಇಳಿಯಿತು. ಹೊಲೆಯಿದ್ದುದು ಹೆತ್ತವಳ ಮೈಯಲ್ಲಲ್ಲ, ವಿದ್ವಾಂಸನ ಕೈಯಲ್ಲಿ. ಬಾಣಂತಿಗೆ ಸೂತಕವಿಲ್ಲವೆಂದು ಏಳು ನೂರು ವರ್ಷಗಳ ಹಿಂದೆಯೇ ಕಲ್ಯಾಣದಲ್ಲಿ ಸಾರಿದವರ ಸಂತತಿಗೆ ಈ ವೃತ್ತಾಂತ ಹೃದ್ಯವಾಗಬೇಕು. ಆ ವೈದ್ಯನ ಮಾತನ್ನು ಆತನ ಕಾಲದ ದೊಡ್ಡವರಲ್ಲಿ ಹಲವರು ಒಪ್ಪಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬಹುದು. ತಮ್ಮ ಕೈಯೇ ಮಲಿನವೆಂದು ಕೇಳುವುದು ಪಂಡಿತರಿಗೆ ಯಾವ ಕಾಲದಲ್ಲಿಯೂ ಕಷ್ಟ.

ವೈದ್ಯನ ಕೈಗೆ ಸಲ್ಲುವ ನಿಯಮ ಬಂಧುವಿನ ಕೈಗೂ ಸಲ್ಲುತ್ತದೆ. ಹೊಲದಿಂದ, ಸಂತೆಯಿಂದ, ಬಸ್ಸಿನ ಕಂಬಿಯಿಂದ ಬಂದ ಕೈ ಶಸ್ತ್ರಚಿಕಿತ್ಸೆಯಾದವನ ಹೊಟ್ಟೆಯ ಪಟ್ಟಿಯನ್ನು ಮುಟ್ಟಿ ನೋಡಿದರೆ ಏನಾಗಬಹುದು? ನೆಗಡಿ ಕೆಮ್ಮು ಹಿಡಿದ ಚಿಕ್ಕಪ್ಪನು ಕೂಸಿನ ಮುಖದ ಮೇಲೆ ಬಾಗಿ ಮುದ್ದಿಸಿದರೆ? ಇಷ್ಟಕ್ಕೇ ನಿಲ್ಲುವುದಿಲ್ಲ. ಊರಿನಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆಂದರೆ ಟ್ರ್ಯಾಕ್ಟರು ತುಂಬ ಜನ ಹೊರಡುವುದು ಪ್ರೀತಿಯೇ ಸರಿ. ನೋಡಲು ಹೋಗದಿದ್ದರೆ ನಾಲ್ಕು ಜನ ಆಡಿಕೊಂಡಾರೆಂಬ ಭಯವೂ ಅದರಲ್ಲಿ ಬೆರೆತಿರುತ್ತದೆ. ಹೋದವರು ಮಂಚದ ಸುತ್ತ ನಿಂತು ಆಡುವ ಮಾತೇನು? ‘ಪಕ್ಕದೂರಿನ ಶೆಟ್ಟರಿಗೂ ಹೀಗೆಯೇ ಆಗಿತ್ತು, ಪಾಪ, ಉಳಿಯಲಿಲ್ಲ.’ ಇನ್ನೊಬ್ಬರು, ‘ಛೇ, ಏನೂ ಆಗುವುದಿಲ್ಲ, ನಾಳೆ ಎದ್ದು ಕುಳಿತೀರಿ’ ಎನ್ನುತ್ತಾರೆ. ತನಗೆ ಏನಾಗಿದೆಯೆಂದು ರೋಗಿಗೆ ಗೊತ್ತಿರುತ್ತದೆ. ಮೂರನೆಯವರು ತಂದ ಬೇರಿನ ಕಷಾಯವನ್ನು ಡಾಕ್ಟರರು ನೋಡದಂತೆ ಕುಡಿಸುತ್ತಾರೆ. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಖ್ಯಾತಳಾದ ಫ್ಲಾರೆನ್ಸ್ ನೈಟಿಂಗೇಲ್ ರೋಗಿಶುಶ್ರೂಷೆಯನ್ನು ಕುರಿತು 1859ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಪ್ರಕರಣವನ್ನೇ ಇದಕ್ಕೆ ಮೀಸಲಿಟ್ಟಳು. ಭೇಟಿಗೆ ಬಂದವರ ಪೊಳ್ಳು ಧೈರ್ಯ ಮತ್ತು ಬಿಟ್ಟಿ ಸಲಹೆ ರೋಗಿಯನ್ನು ಎಷ್ಟು ದಣಿಸುತ್ತವೆಂಬುದು ಅದರ ವಿಷಯ. ಆಕೆ ಕಂಡುದು ಇಂಗ್ಲೆಂಡಿನ ಬಂಧುಗಳನ್ನು. ಕನ್ನಡನಾಡಿನ ಬೀಗರನ್ನು ಕಂಡಿದ್ದರೆ ಇನ್ನೂ ಎರಡು ಪ್ರಕರಣ ಬರೆಯುತ್ತಿದ್ದಳೇನೋ.

ಹಾಗಾದರೆ ಬಾಗಿಲು ಮುಚ್ಚುವುದೆಲ್ಲ ಸರಿಯೇ? ಸರಿಯಲ್ಲ. ನಿಯಮವು ರೋಗಿಗಾಗಿ ಹುಟ್ಟಿತು. ರೋಗಿಯನ್ನು ಮರೆತು ಬಾಗಿಲನ್ನೇ ಕಾಯತೊಡಗಿದರೆ ಅದೂ ಸ್ಥಾವರವಾಗುತ್ತದೆ. ಜಂಗಮವೆಂದರೆ ಚಲಿಸುವುದು, ಎದುರಿಗಿರುವ ಪ್ರಾಣವನ್ನು ಕಂಡು ತನ್ನನ್ನು ಹೊಂದಿಸಿಕೊಳ್ಳುವುದು. ಭೇಟಿಯ ನಿಯಮಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಆಸ್ಪತ್ರೆಯ ಮಕ್ಕಳನ್ನು ತಂದೆತಾಯಿಗಳು ವಾರಕ್ಕೊಮ್ಮೆ ಮಾತ್ರ ನೋಡಬಹುದಾದಂತಹ ಕಟ್ಟಳೆಗಳಿದ್ದುವು. ತಾಯಿಯನ್ನು ಕಂಡರೆ ಮಗು ಅಳುತ್ತದೆ, ಅಳದೆ ಸುಮ್ಮನಿದ್ದರೆ ಅದು ಹೊಂದಿಕೊಂಡಿತೆಂದು ಎಣಿಕೆ. ಆ ಮೌನವು ಹೊಂದಿಕೆಯಲ್ಲ, ಹತಾಶೆ ಎಂಬುದನ್ನು ಜೇಮ್ಸ್ ರಾಬರ್ಟ್‌ಸನ್ ಎಂಬಾತ ಎರಡು ವರ್ಷದ ಒಂದು ಮಗುವಿನ ಆಸ್ಪತ್ರೆವಾಸವನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದು 1952ರಲ್ಲಿ ತೋರಿಸಿದನು. 1959ರಲ್ಲಿ ಅಲ್ಲಿಯ ಸರ್ಕಾರ ನೇಮಿಸಿದ್ದ ಪ್ಲ್ಯಾಟ್ ಸಮಿತಿ ಮಕ್ಕಳ ವಾರ್ಡಿಗೆ ತಂದೆತಾಯಿಗಳ ಪ್ರವೇಶವನ್ನು ಮುಕ್ತಗೊಳಿಸಬೇಕೆಂದು ಶಿಫಾರಸು ಮಾಡಿತು.

ಇದಕ್ಕಿಂತಲೂ ಹತ್ತಿರದ ಪ್ರಮಾಣವೊಂದಿದೆ. ಒಂದು ಕಿಲೋಗ್ರಾಮಿಗಿಂತ ಸ್ವಲ್ಪವೇ ಹೆಚ್ಚು ತೂಕದ ಎಳೆಗೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತಾಯಿಯನ್ನು ಹೊರಗಿರಿಸುವುದು ವಾಡಿಕೆ. ಭಾರತವೂ ಸೇರಿದಂತೆ 5 ದೇಶಗಳ ಆಸ್ಪತ್ರೆಗಳಲ್ಲಿ, 1 ಕಿಲೋಗ್ರಾಮಿನಿಂದ 1.8 ಕಿಲೋಗ್ರಾಮಿನವರೆಗಿನ ಕೂಸುಗಳನ್ನು ಹುಟ್ಟಿದೊಡನೆಯೇ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ, ತಾಯಿಯನ್ನೂ ತೀವ್ರ ನಿಗಾ ಘಟಕದೊಳಗೇ ಇರಿಸಿ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ವಾಡಿಕೆಯಂತೆ ಮೊದಲು ಕೂಸಿನ ಸ್ಥಿತಿ ಸ್ಥಿರವಾಗಲೆಂದು ಕಾದ ಕಡೆ ಮೊದಲ 28 ದಿನಗಳಲ್ಲಿ 100ಕ್ಕೆ 15.7 ಕೂಸುಗಳು ಮಡಿದುವು. ತಾಯಿಯ ಎದೆಗೆ ಕೂಡಲೆ ಕಟ್ಟಿದ ಕಡೆ 12. ಹೆತ್ತವಳನ್ನು ಭೇಟಿಗೆ ಬಂದವಳೆಂದು ಎಣಿಸಿದ ನಿಯಮವು ಕೂಸನ್ನು ಕಾಯುತ್ತಿರಲಿಲ್ಲವೆಂದು ಇದರಿಂದ ಸಿದ್ಧವಾಯಿತು. ಭಾರತ ಸರ್ಕಾರವು 2017ರಲ್ಲಿಯೇ ನವಜಾತ ಶಿಶುಗಳ ಘಟಕಗಳಲ್ಲಿ ತಂದೆತಾಯಿಗಳಿಗೆ ಕೈ ತೊಳೆಯುವ ಕ್ರಮವನ್ನು ಕಲಿಸಿ ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂಬ ಮಾರ್ಗಸೂಚಿಯನ್ನು ಹೊರಡಿಸಿತು. ಅದೇ ವರ್ಷ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮದಲ್ಲಿ ಹೆರಿಗೆಯ ಕೋಣೆಯಲ್ಲಿ ತಾಯಿಯ ಜೊತೆಗೆ ಒಬ್ಬರಿರಲು ಅವಕಾಶವಿದೆ. ಅವ್ವನನ್ನೋ ಅತ್ತೆಯನ್ನೋ ಹೆರಿಗೆಯ ಕೋಣೆಯ ಹೊರಗೆ ನಿಲ್ಲಿಸಿ, ಒಳಗೆ ಅಂಜಿದ ಹುಡುಗಿಯನ್ನು ಗದರಿಸುವ ಕಡೆ ಈ ಮಾತನ್ನು ಕೇಳುವ ಅಧಿಕಾರ ಗೃಹಸ್ಥರಿಗಿದೆ. ಕೇಳಲು ಮೊದಲು ತಿಳಿದಿರಬೇಕಷ್ಟೆ.

ಮರಣಶಯ್ಯೆಯ ಮಾತು ಇನ್ನೂ ಕಠಿನ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಹೆತ್ತವರು ಕಡೆಯ ಉಸಿರೆಳೆಯುವಾಗ ಮಕ್ಕಳು ರಸ್ತೆಯ ಮೇಲೆ ನಿಂತಿದ್ದರು. ಹಣೆಗೆ ವಿಭೂತಿಯಿಡಲು ಕೈ ಮುಟ್ಟಲಿಲ್ಲ; ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ ಸಮಾಧಿ ಮಾಡುವ ವಿಧಿಯೂ ಎಷ್ಟೋ ಮನೆಗಳಲ್ಲಿ ನಡೆಯಲಿಲ್ಲ. ಆಗ ಆ ನಿಯಮಕ್ಕೆ ಕಾರಣವಿತ್ತು, ಅದರ ನೋವು ಇಂದಿಗೂ ಆರಿಲ್ಲ. ಆ ಕಾಲ ಕಳೆದಿದೆ. ಸೋಂಕಿನ ಕಾರಣವಿಲ್ಲದ ಕಡೆಯಲ್ಲಿಯೂ, ಉಸಿರು ಎಣಿಕೆಗೆ ಬಂದ ಮುದುಕನ ಬಳಿಗೆ ಮಗನನ್ನು ‘ನಾಲ್ಕಕ್ಕೆ ಬಾ’ ಎಂದು ಅಟ್ಟುವುದು ನಿಯಮಪಾಲನೆಯಾಗದು. ಸಾವು ಹಲಗೆಯ ಮೇಲಿನ ವೇಳೆಯನ್ನು ಓದಿ ಬರುವುದಿಲ್ಲ.

ಇನ್ನು ಎಲ್ಲರೂ ಬಲ್ಲ, ಆದರೆ ಯಾರೂ ಗಟ್ಟಿಯಾಗಿ ಆಡದ ವಿಷಯ. ಬಾಗಿಲು ಮುಚ್ಚಿದ್ದರೂ ಕೆಲವರಿಗೆ ತೆರೆಯುತ್ತದೆ. ‘ಚಹಾಕ್ಕೆ’ ಎಂದು ಕಾವಲುಗಾರನ ಅಂಗೈಗೆ ನೂರರ ನೋಟು ಸೇರಿದರೆ ಪಾಸಿನ ಪ್ರಶ್ನೆಯಿಲ್ಲ. ಹಾಸಿಗೆಯ ಬಟ್ಟೆ ಬದಲಾಯಿಸಲು ಇಷ್ಟು, ಕೂಸನ್ನು ತಂದು ತೋರಿಸಲು ಇಷ್ಟು, ಅದರಲ್ಲಿಯೂ ಗಂಡು ಕೂಸಾದರೆ ಇಷ್ಟು ಎಂದು ಅಘೋಷಿತ ದರಗಳು ಕೆಲವೆಡೆ ನಡೆಯುತ್ತವೆ. ತೆಗೆದುಕೊಳ್ಳುವವನ ತಪ್ಪನ್ನು ಎಲ್ಲರೂ ಹೇಳುತ್ತಾರೆ. ಕೊಡುವವನನ್ನು ಯಾರೂ ಕೇಳುವುದಿಲ್ಲ. ‘ಸಂಕಟದಲ್ಲಿದ್ದವನು, ಏನು ಮಾಡಿಯಾನು’ ಎಂಬ ಕನಿಕರ. ಕನಿಕರ ನ್ಯಾಯವಾದದ್ದೇ. ಆದರೂ ಆ ಬಾಗಿಲಲ್ಲಿ ಒಂದು ಕ್ಷಣ ತಿರುಗಿ ನೋಡಬೇಕು. ನೋಟು ಕೊಟ್ಟವನು ಒಳಗೆ ಹೋದನು. ಅವನ ಹಿಂದೆ ಕೂಲಿಯ ಹೆಂಗಸೊಬ್ಬಳು ನಿಂತಿದ್ದಾಳೆ. ಅವಳ ಗಂಡ ಅದೇ ವಾರ್ಡಿನಲ್ಲಿ ಮಲಗಿದ್ದಾನೆ. ಅವಳಲ್ಲಿ ನೂರು ರೂಪಾಯಿಯಿಲ್ಲ, ಇದ್ದರೂ ಅದು ನಾಳೆಯ ಔಷಧಕ್ಕೆ. ನಿನ್ನೆಯವರೆಗೆ ಕೈಮುಗಿದರೆ ಒಳಗೆ ಬಿಡುತ್ತಿದ್ದ ಕಾವಲುಗಾರನು ಇಂದು ಬಿಡುವುದಿಲ್ಲ. ಏಕೆಂದರೆ ಆ ಬಾಗಿಲಿಗೆ ಬೆಲೆಯಿದೆಯೆಂದು ಈಗತಾನೆ ಒಬ್ಬರು ಅವನಿಗೆ ಕಲಿಸಿ ಹೋದರು. ತನಗೆ ತೆರೆದುಕೊಳ್ಳಲು ಕೊಟ್ಟ ಹಣವೇ ಅವಳ ಮುಂದೆ ಬೀಗವಾಗಿ ಬಿದ್ದಿತು. ಕೊಟ್ಟವನು ಒಳಗೆ ರೋಗಿಯ ಹಣೆಗೆ ಭಕ್ತಿಯಿಂದ ವಿಭೂತಿಯನ್ನಿಡುತ್ತಿರಬಹುದು. ಆ ವಿಭೂತಿಯನ್ನು ಕುರಿತು ಏನು ಹೇಳಬೇಕೋ ತಿಳಿಯದು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಮಠದ ಮಕ್ಕಳೂ ಬಲ್ಲರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಸತಿ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಾದುದನ್ನು ಮರಳಿ ಅಲ್ಲಿಗೇ ಸುರಿದು ಬರುವಂತೆ ಹೇಳಿದಳು. ಕದ್ದ ಅಕ್ಕಿಯಲ್ಲ ಅದು, ಬೇಡಿ ತಂದುದೂ ಅಲ್ಲ. ಆದರೂ ತಮ್ಮ ಅಳವಿಗೆ ಮೀರಿ ಬಂದುದರ ಹಿಂದೆ ಆಸೆಯಿದೆಯೆಂದೂ, ಅದು ತಮ್ಮ ಪಾಲಲ್ಲವೆಂದೂ ಆಕೆ ಕಂಡುಕೊಂಡಳು. ಲಂಚದಿಂದ ದೊರೆತ ಹೆಚ್ಚಿನ ಅರ್ಧ ಗಂಟೆಯ ಭೇಟಿಯನ್ನು ಲಕ್ಕಮ್ಮನ ಮೊರದಲ್ಲಿ ಹಾಕಿ ಕೇರಿದರೆ ಏನುಳಿದೀತು?

ಲಂಚದ ಮಾತಿನಲ್ಲಿ ಸತ್ಯಕ್ಕನನ್ನು ನೆನೆಯದೆ ಮುಂದೆ ಹೋಗಲಾಗದು. ಶಿವಭಕ್ತರ ಅಂಗಳ ಗುಡಿಸುವುದು ಆಕೆಯ ಕಾಯಕ. ಪೊರಕೆ ಹಿಡಿದ ಆ ಶರಣೆ, ಲಂಚಕ್ಕೆ ಕೈಯೊಡ್ಡುವುದಿಲ್ಲವೆಂದೂ, ನಡೆವ ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟುವುದಿಲ್ಲವೆಂದೂ ತನ್ನ ವಚನದಲ್ಲಿ ಆಣೆಯಿಟ್ಟು ಹೇಳಿದಳು. ಅರಮನೆಯ ಅಧಿಕಾರಿಗಳು ಇಡಬೇಕಾಗಿದ್ದ ಆಣೆಯದು, ಇಟ್ಟವಳು ಗುಡಿಸುವವಳು. ಇಂದು ವಾರ್ಡಿನ ನೆಲ ಒರೆಸುವ ಹೆಣ್ಣುಮಗಳು ಐವತ್ತು ರೂಪಾಯಿಗೆ ಕೈಯೊಡ್ಡಿದರೆ ಸತ್ಯಕ್ಕನ ಹೆಸರು ಹೇಳಿ ಆಕೆಯನ್ನು ನಿಂದಿಸುವುದಕ್ಕೆ ಮೊದಲು ಒಂದು ಮಾತು ಕೇಳಬೇಕು. ಗುತ್ತಿಗೆದಾರನ ಕೈಕೆಳಗೆ ದುಡಿಯುವ ಆಕೆಗೆ ತಿಂಗಳ ಸಂಬಳ ಸಕಾಲಕ್ಕೆ ಬಂದಿದೆಯೆ? ಸತ್ಯಕ್ಕನ ಕಾಯಕಕ್ಕೆ ಶರಣರ ಊರಿನಲ್ಲಿ ಗೌರವವಿತ್ತು. ರಕ್ತ, ಕೀವು, ವಾಂತಿಯನ್ನು ಬರಿಗೈಯಿಂದಲೋ ಹರಿದ ಕೈಚೀಲದಿಂದಲೋ ಬಳಿಯುವ ಇವಳನ್ನು ‘ಏಯ್’ ಎಂದು ಕರೆಯದೆ ‘ಅಕ್ಕಾ’ ಎಂದು ಕರೆದ ಗೃಹಸ್ಥರೆಷ್ಟು ಮಂದಿ? ಕಲ್ಯಾಣದ ಪ್ರಸಾದಕುಂಡದ ಬಳಿಯಲ್ಲಿ ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದ ಮರುಳಶಂಕರದೇವರನ್ನು ಅಲ್ಲಮಪ್ರಭು ಗುರುತಿಸಿ ತೋರಿಸಬೇಕಾಯಿತು. ದಿನವೂ ಅದೇ ಅಂಗಳದಲ್ಲಿ ಓಡಾಡುತ್ತಿದ್ದ ಬಸವಣ್ಣನವರಂತಹವರಿಗೇ ಕಂಡಿರಲಿಲ್ಲ. ಶೂನ್ಯಸಂಪಾದನೆಯ ಈ ಪ್ರಸಂಗವನ್ನು ಪುರಾಣದಲ್ಲಿ ಕೇಳಿ ಕಣ್ಣೀರಿಡುವವರು ವಾರ್ಡಿನ ಮೂಲೆಯನ್ನೂ ಒಮ್ಮೆ ನೋಡಬೇಕು.

ದಾದಿಯರ ವಿಷಯವೂ ಹಾಗೆಯೇ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ದಾದಿ, ಇತರ ಸಾಮಾನ್ಯ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ಇರಬೇಕು. ರಾತ್ರಿಯ ಪಾಳಿಯಲ್ಲಿ ವಾರ್ಡಿಗೆ ಹೋದವರು ಎಣಿಸಿ ನೋಡಬಹುದು. ನಲವತ್ತು ಮಂಚಗಳ ನಡುವೆ ಇಬ್ಬರು ಓಡಾಡುತ್ತಿದ್ದರೆ, ಅವರ ಮಾತು ಒರಟಾಗಿದ್ದುದಕ್ಕೆ ಅವರ ಸ್ವಭಾವವೊಂದೇ ಕಾರಣವೆನ್ನಲಾಗದು. ಸಿಟ್ಟು ಅವರ ಮೇಲೆ ಎರಗುವುದು ಸುಲಭ, ಏಕೆಂದರೆ ಕೈಗೆ ಸಿಗುವವರು ಅವರೇ. ಹುದ್ದೆಗಳನ್ನು ಖಾಲಿ ಬಿಟ್ಟವರು ಆ ಹೊತ್ತಿಗೆ ತಮ್ಮ ಮನೆಯಲ್ಲಿ ನಿದ್ರಿಸುತ್ತಿರುತ್ತಾರೆ. ವೈದ್ಯರ ಮೇಲೆ, ದಾದಿಯರ ಮೇಲೆ ಕೈಮಾಡುವ ಸುದ್ದಿ ಆಗಾಗ ಕೇಳಿಬರುವುದು ಬಸವಣ್ಣನ ನಾಡಿಗೆ ತಕ್ಕುದಲ್ಲ. ಒಂದು ವಾರ್ಡಿನ ಮೇಲೆ ಕಲ್ಲು ಬಿದ್ದರೆ ಆ ರಾತ್ರಿ ಚಿಕಿತ್ಸೆ ತಪ್ಪುವುದು ಇನ್ನೊಬ್ಬ ಬಡವನಿಗೆ.

ಹಾಗಾದರೆ ಮಾರ್ಗವೇನು? ಮಾರ್ಗವಿದೆ, ಅದರಲ್ಲಿ ನಡೆಯುವವರು ಕಡಿಮೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ವೈದ್ಯಾಧಿಕಾರಿಗಳ ಜೊತೆಗೆ ಜನಪ್ರತಿನಿಧಿಗಳೂ ಊರಿನ ಪ್ರಮುಖರೂ ಅವುಗಳಲ್ಲಿರುತ್ತಾರೆ. ಆ ಪ್ರಮುಖರಲ್ಲಿ ಮಠದ ಭಕ್ತರೂ ಇರುವುದುಂಟು. ಅವರು ಸಭೆಗೆ ಹೋಗುತ್ತಾರೆಯೆ? ಹೋದರೆ ಶೌಚಗೃಹದ ಅಗುಳಿಯ ಮಾತೆತ್ತುತ್ತಾರೆಯೆ, ಅಥವಾ ಚಹಾ ಕುಡಿದು ಸಹಿ ಹಾಕಿ ಬರುತ್ತಾರೆಯೆ? 2015ರಲ್ಲಿ ಕೇಂದ್ರ ಸರ್ಕಾರ ಆಸ್ಪತ್ರೆಗಳ ಶುಚಿತ್ವಕ್ಕಾಗಿ ಬಹುಮಾನದ ಯೋಜನೆಯೊಂದನ್ನು ಆರಂಭಿಸಿ ಅದಕ್ಕೆ ‘ಕಾಯಕಲ್ಪ’ವೆಂದು ಹೆಸರಿಟ್ಟಿತು. ಹೆಸರು ಶರಣರ ಮಕ್ಕಳ ಕಿವಿಗೆ ಇಂಪಾದದ್ದೇ. ಪರೀಕ್ಷಕರು ಬರುವ ವಾರದಲ್ಲಿ ಮಾತ್ರ ಸುಣ್ಣ ಬಳಿದರೆ ಅದು ಕಾಯಕವಾಗಲಿಲ್ಲ. ಲಂಚ ಕೇಳಿದವರ ಹೆಸರು, ವೇಳೆ, ವಾರ್ಡನ್ನು ಬರೆದು ನಾಲ್ಕು ಮನೆಯವರು ಒಟ್ಟಾಗಿ ಸಹಿ ಮಾಡಿ ಅಧೀಕ್ಷಕರಿಗೆ ಕೊಟ್ಟರೆ ಅದಕ್ಕೆ ತೂಕವುಂಟು. ಒಬ್ಬನೇ ಬಾಗಿಲಲ್ಲಿ ಕೂಗಾಡಿದರೆ ಕಾವಲುಗಾರನಿಗೆ ಅದೊಂದು ನಿತ್ಯದ ಗದ್ದಲ. ದೂರದ ಹಳ್ಳಿಯವರಿಗೆ ಬಸ್ಸಿನ ವೇಳೆಗೆ ಹೊಂದುವಂತೆ ಬೆಳಗಿನ ಒಂದು ಗಂಟೆ ಭೇಟಿಗೆ ಬಿಡಬೇಕೆಂದು ಕೇಳುವುದು ದೊಡ್ಡ ಬೇಡಿಕೆಯೇನೂ ಅಲ್ಲ. ಔಷಧ ತರಲು ಹೊರಗೆ ಹೋದವರಿಗೆ ಚೀಟಿಯೊಂದನ್ನು ಕೊಟ್ಟು ಮರಳಿ ಬಿಡಬೇಕೆಂಬುದು ಅದಕ್ಕಿಂತಲೂ ಚಿಕ್ಕದು.

ಮನೆಯೊಳಗೂ ಒಂದು ಕಟ್ಟುಪಾಡು ಬೇಕು. ರೋಗಿಯ ಬಳಿ ಒಬ್ಬರೇ ಇರಲಿ, ಸರದಿಯಂತೆ ಬದಲಾಗಲಿ. ಬಹಳ ಮನೆಗಳಲ್ಲಿ ಈ ಸರದಿ ಹೆಸರಿಗೆ ಮಾತ್ರ. ಮಗನು ಹತ್ತು ನಿಮಿಷ ಬಂದು ಹೋಗುತ್ತಾನೆ, ಸೊಸೆ ಹತ್ತು ರಾತ್ರಿ ಮಂಚದ ಕೆಳಗೆ ಮಲಗುತ್ತಾಳೆ. ಅವಳಿಗೂ ಕಾಯವಿದೆ.

ಹಿರಿಯರನ್ನು ಕಾಡುವ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಶಸ್ತ್ರಚಿಕಿತ್ಸೆಯ ಕೋಣೆಗೆ ಒಯ್ಯುವಾಗ ಕರಡಿಗೆಯನ್ನೂ ಶಿವದಾರವನ್ನೂ ಕಳಚಿರೆಂದು ದಾದಿ ಹೇಳುತ್ತಾಳೆ. ಅಂಗದಿಂದ ಲಿಂಗವನ್ನು ಅಗಲಿಸುವುದೆಂತು ಎಂದು ಮುದುಕರು ಹಟ ಹಿಡಿಯುತ್ತಾರೆ. ಎಷ್ಟೋ ಕಡೆ ಇದೇ ದೊಡ್ಡ ಜಗಳವಾಗುತ್ತದೆ. ವಿದ್ಯುತ್ತಿನಿಂದ ರಕ್ತನಾಳವನ್ನು ಸುಟ್ಟು ಮುಚ್ಚುವ ಉಪಕರಣವನ್ನು ಬಳಸುವಾಗ ಮೈಮೇಲೆ ಬೆಳ್ಳಿಯಂತಹ ಲೋಹವಿದ್ದರೆ ಸುಟ್ಟಗಾಯವಾಗುವ ಸಂಭವವಿದೆ. ಬೆವರು ಹಿಡಿದ ದಾರ ಗಾಯದ ಹತ್ತಿರವಿದ್ದರೆ ಕೀವಿಗೆ ಎಡೆಯಾಗುತ್ತದೆ. ಹೇಳುವವರು ಲಿಂಗಕ್ಕೆ ಅಪಚಾರ ಬಯಸಿದವರಲ್ಲ. ಶುಭ್ರವಾದ ವಸ್ತ್ರದಲ್ಲಿ ಸುತ್ತಿ, ಲಿಂಗದೀಕ್ಷೆಯಾದ ಮನೆಯವರೊಬ್ಬರು ತಮ್ಮ ಎದೆಯ ಮೇಲೆ ಇರಿಸಿಕೊಂಡು ಹೊರಗೆ ಕುಳಿತಿರಲಿ. ಎಚ್ಚರವಾದೊಡನೆ ಮರಳಿ ಧರಿಸಲಿ. ಇಷ್ಟಲಿಂಗವು ಕೈಗೆ ಕಾಣುವ ರೂಪ. ಪ್ರಾಣಲಿಂಗ, ಭಾವಲಿಂಗಗಳನ್ನು ಯಾವ ದಾದಿಯೂ ಕಳಚಲಾರಳು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಕಾಯಕವನ್ನು ಬಿಡದ ನುಲಿಯ ಚಂದಯ್ಯನ ಪ್ರಸಂಗವನ್ನು ಅಂತಹ ಹಿರಿಯರಿಗೆ ಹಿಂದಿನ ದಿನವೇ ಸಮಾಧಾನದಿಂದ ಓದಿ ಹೇಳುವುದು ಒಳ್ಳೆಯದು. ಅಂದಿನ ಬೆಳಗ್ಗೆ ಬಾಗಿಲಲ್ಲಿ ವಾದಿಸುವುದಕ್ಕಿಂತ ಅದು ಮೇಲು.

ಬಾಗಿಲ ಹೊರಗೆ ನಿಂತವರ ಪಾಡೇನು? ಒಳಗೆ ಒಬ್ಬರೇ ಇರಬೇಕೆಂದರೆ ಹೊರಗೆ ಉಳಿದವರಿಗೆ ಒಂದು ನೆಲೆ ಬೇಕು. ಕಿದ್ವಾಯಿ ಸಂಸ್ಥೆಯ ಆವರಣದಲ್ಲಿ ರೋಗಿಗಳ ಜೊತೆಗೆ ಬಂದವರಿಗಾಗಿ ಧರ್ಮಶಾಲೆಯಿದೆ. ಅಂತಹುದು ಎಲ್ಲ ಕಡೆಯಲ್ಲಿಯೂ ಇಲ್ಲ. ಬಹಳ ಕಡೆ ಮರದ ಕೆಳಗೆ, ಮೋರಿಯ ಕಟ್ಟೆಯ ಮೇಲೆ ಜನ ಮಲಗುತ್ತಾರೆ. ದಾಸೋಹಕ್ಕೆ ಹೆಸರಾದ ಮಠಗಳು ಈ ನಾಡಿನಲ್ಲಿವೆ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ, ಅನಂತರವೂ ಸಾವಿರಾರು ಮಕ್ಕಳ ಪಂಕ್ತಿ ನಿಂತುದಿಲ್ಲ. ಜಾತ್ರೆಯಲ್ಲಿ ಉಂಡು ಬಂದವರಿಗೆ ಮತ್ತೆ ಉಣ್ಣಿಸುವ ಭಕ್ತರು, ವಾರಕ್ಕೊಂದು ದಿನ ಜಿಲ್ಲಾ ಆಸ್ಪತ್ರೆಯ ಗೇಟಿನ ಬಳಿ ಬಿಸಿ ಅಂಬಲಿ, ಅನ್ನ ಸಾರು ಇಟ್ಟರೆ ಎಷ್ಟು ಖರ್ಚಾದೀತು? ಮಠದ ಹೆಸರಿನ ಫಲಕ ಅದಕ್ಕೆ ಬೇಡ. ಬಡಿಸುವವರು ಸಾಲಿನಲ್ಲಿ ನಿಂತವನ ಊರು ಕೇಳಬಾರದು, ಮತ ಕೇಳಬಾರದು. ಒಳಗಿರುವ ರೋಗಿ ಯಾರೆಂದು ಕೇಳಬಹುದು, ಅಷ್ಟನ್ನು ಕೇಳಿಸಿಕೊಳ್ಳಲು ಆ ಜನರು ಬೆಳಗಿನಿಂದ ಕಾದಿರುತ್ತಾರೆ.

ಒಳಗೆ ಹೋಗುವ ಅದೃಷ್ಟ ದೊರೆತವರು ನಲ್ಲಿಯಲ್ಲಿ ಸಾಬೂನಿನಿಂದ ಕೈ ತೊಳೆದು ಹೋಗಲಿ. ಬುತ್ತಿ ಬಿಚ್ಚುವ ಮುನ್ನ, ಯಾರೂ ನೋಡಲು ಬಾರದೆ ಗೋಡೆಯ ಕಡೆ ಮುಖ ಮಾಡಿ ಮಲಗಿರುವ ಪಕ್ಕದ ಮಂಚದವನು ಏನಾದರೂ ಉಂಡಿದ್ದಾನೆಯೆ, ಉಣ್ಣಲು ಡಾಕ್ಟರರ ಅಪ್ಪಣೆಯಿದೆಯೆ ಎಂದು ದಾದಿಯನ್ನು ವಿಚಾರಿಸಲಿ.